ನೋವು ಶುರುವಾದ ಹೊತ್ತು

ನವೆಂಬರ್ 18, ಮಂಗಳವಾರ. ಹೊಂಗನೂರು.

ರಾಮನಗರದ ಹೊಸ ಡಾಕ್ಟ್ರೂ ಇವತ್ತು ಅದನ್ನೇ ಕೇಳಿದರು. "ನೋವು ಎಷ್ಟೊತ್ತಿಗೆ ಶುರುವಾಯ್ತಮ್ಮ?" ಸಾಯಂಕಾಲ ಅಂದೆ. ಬರೆದುಕೊಂಡರು. ಹುಟ್ಟುವಾಗ ಉಸಿರು ಸಾಲದೆ ಮೆದುಳಿಗೆ ಪೆಟ್ಟಾಗಿದೆ ಅಂದರು. ಅದು ಗೊತ್ತಿರೋದೇ. ಹತ್ತು ತಿಂಗಳಾದರೂ ಮಗ ಹೇಮಂತನ ಕತ್ತು ನಿಂತಿಲ್ಲ.

ನೋವು ಶುರುವಾಗಿದ್ದು ಬೆಳಿಗ್ಗೆ, ಹಾಲು ಕಾಯಿಸುವಾಗ. ಅವತ್ತೇ ರೇಷ್ಮೆಹುಳ ಹಣ್ಣಾಗಿತ್ತು. ಹಣ್ಣಾದ ಹುಳ ಯಾರಿಗೂ ಕಾಯಲ್ಲ; ಆಗಲೇ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡದಿದ್ದರೆ ಬೆಳೆ ಹೋದಂಗೆ. ಮನೆಮಂದಿಯೆಲ್ಲ ಹುಳದ ಮನೇಲಿದ್ದರು. ಚೊಚ್ಚಲು, ತಡವಾಗುತ್ತೆ ಅಂದುಕೊಂಡು ಹಲ್ಲು ಕಚ್ಚಿ ನಾನೂ ಆರಿಸಿದೆ. ಸಾಯಂಕಾಲ ಕೊನೇ ಚಂದ್ರಿಕೆ ತುಂಬಿದ ಮೇಲೇ ನೋವು ಅಂತ ಬಾಯಿಬಿಟ್ಟಿದ್ದು.

"ಹೆರಿಗೆ ದಿವ್ಸಾನೂ ಹುಳ ಆರ್ಸವ್ಳೆ ಕಣವ್ವ, ಗಟ್ಟಿಗಿತ್ತಿ ನನ್ ಸೊಸೆ," ಅಂತ ಅತ್ತೆ ಇವತ್ತು ವಾಪಸ್ ಬರುವಾಗ ಬಸ್ಸಲ್ಲಿ ಪಕ್ಕದವಳಿಗೆ ಹೇಳಿಕೊಂಡು ಬಂದರು. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ.

ಇವರಿಗೆ ನಿದ್ದೆ ಹತ್ತಿದೆ. ಮಗ ಎದ್ದಿದ್ದಾನೆ. ನನ್ನನ್ನು ನೋಡ್ತಿದ್ದಾನೋ ಗೋಡೆ ನೋಡ್ತಿದ್ದಾನೋ ಗೊತ್ತಾಗಲ್ಲ. ಆ ಬೆಳಿಗ್ಗೆಯ ವಿಷಯ ನನ್ನ ಬಿಟ್ಟರೆ ಗೊತ್ತಿರೋದು ಅವನೊಬ್ಬನಿಗೇ. ಒಳಗಿದ್ದನಲ್ಲ. ಅವನಿಗೆ ಮಾತು ಬರಲಿ ಅಂತ ಹರಕೆ ಹೊತ್ತಿದ್ದೀನಿ. ಬಂದರೆ ಮೊದಲು ಏನು ಹೇಳ್ತಾನೋ.