ತುತ್ತೂರಿಗಳ ಅಡಿಯ ದನಿ

ಅಪ್ಪಾ,

ಒರುರೊ ಊರಿನ ಕಾರ್ನಿವಲ್ ಮೆರವಣಿಗೆಯಲ್ಲಿ ನಾನು ಕುಣಿದದ್ದನ್ನು ನೀನು ಚಿತ್ರೀಕರಿಸಿದ್ದೆಯಲ್ಲ, ಆ ಡಿವಿಡಿಯನ್ನು ಕಂಪ್ಯೂಟರ್‌ಗೆ ಇಳಿಸಲು ಇವತ್ತು ಎಲಿಯೊಡೊರೊನ ವಿಡಿಯೋ ಅಂಗಡಿಗೆ ಹೋಗಿದ್ದೆ.

“ಚಿತ್ರಕ್ಕೆ ಎರಡು ಪಾಸ್ ಹಾಕ್ತೀನಿ ಅಕ್ಕಾ, ಎರಡ್ಸಲ ಓಡಿಸಿದ್ರೆ ಲಂಗದ ಜರಿನೂ ಎದ್ದು ಕಾಣತ್ತೆ. ಆಡಿಯೋನ ಎಂಪಿ3 ಮಾಡಿ ಕುಗ್ಗಿಸಿದ್ರಾಯ್ತು, ಬರೀ ಬ್ಯಾಂಡ್ ಗದ್ದಲ ತಾನೆ?” ಅಂದ.

“ಚಿತ್ರಕ್ಕೆ ಒಂದೇ ಪಾಸ್ ಸಾಕು. ಆಡಿಯೋ ಮಾತ್ರ ಮುಟ್ಬೇಡ, ಹೇಗಿದ್ಯೋ ಹಾಗೇ ಇರ್ಲಿ.”

“ಎಲ್ರೂ ಮುಖ ನೋಡ್ಕೊಳ್ಳೋಕೆ ಬರ್ತಾರೆ, ನೀವೊಬ್ರು ತುತ್ತೂರಿ ಕೇಳೋಕೆ ಬಂದಿದೀರ,” ಎಂದು ನಕ್ಕ.

ಕ್ಯಾಮೆರಾ ಹಿಡಿದವನು ನೀನು. ಇಡೀ ಚಿತ್ರದಲ್ಲಿ ನಿನ್ನ ನೆರಳೂ ಇಲ್ಲ. ನೀನಿಲ್ಲದ ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡೆ. ತುತ್ತೂರಿಗಳ ಅಡಿಯಲ್ಲಿ ನಿನ್ನ ದನಿಯಿತ್ತು: “ಒಂದ್ಸಲ ಈ ಕಡೆ ನೋಡು ಮಗಳೇ. ಇಲ್ಲಿದೀನಿ ನಾನು.”

ಪರದೆಯ ಹುಡುಗಿ ಆಚೆ ಬದಿಯ ಗೆಳತಿಯರಿಗೆ ಕೈಬೀಸುತ್ತ ಮುಂದೆ ಹೋಗಿಬಿಟ್ಟಳು.

ನಾನು ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು.

ಸುಲ್ಮಾ