ಒಬ್ಬನೇ ಹೋದ ಹನ್ನೊಂದು ಸಲ

ಫೆಬ್ರವರಿ 17, ಸೋಮವಾರ. ಬೆಳಗ್ಗೆ 11.40

ಇವತ್ತೂ ಹೋಗಿಬಂದೆ. ಹಲಸೂರಿನಿಂದ ಕೆ.ಆರ್. ಪುರ, ಅಲ್ಲಿಂದ ವಾಪಸು. ಒಬ್ಬನೇ. ಮೆಟ್ರೋದ ಕೊನೆಯ ಬೋಗಿ. ಹತ್ತುವಾಗ ಹೆದರಿಕೆ ನೂರಕ್ಕೆ 70. ಬೈಯಪ್ಪನಹಳ್ಳಿ ದಾಟಿದ ಮೇಲೆ 50. ಇಳಿಯುವಾಗ 40.

ಬಂದ ಯೋಚನೆ: ಎದೆ ನಿಂತುಹೋಗುತ್ತದೆ, ಹಿಡಿದುಕೊಳ್ಳಲು ಯಾರೂ ಇರುವುದಿಲ್ಲ.
ವಿರುದ್ಧ ಸಾಕ್ಷಿ: ಏಳು ಸಲ ಯಾರೂ ಇರಲಿಲ್ಲ. ಏಳು ಸಲವೂ ಎದೆ ನಿಲ್ಲಲಿಲ್ಲ.

ಹೀಗೆ ಬರೆಯಲು ಹೇಳಿದವರು ಪರ್ವೀನ್ ಮೇಡಂ. ಶಿವಾಜಿನಗರದಲ್ಲಿ ಒಂದು ಟ್ರಸ್ಟಿನ ಕ್ಲಿನಿಕ್, ಮಹಡಿಯ ಮೇಲೆ ಕೌನ್ಸೆಲಿಂಗ್. ಸಿಬಿಟಿ ಅನ್ನುತ್ತಾರೆ, ಹೆದರಿಸುವ ಯೋಚನೆಯನ್ನು ಪರೀಕ್ಷಿಸಿ ನೋಡುವ ಚಿಕಿತ್ಸೆ. ಮಾತ್ರೆ ಇಲ್ಲ, ಹೋಂವರ್ಕ್ ಇದೆ. ಸ್ಕೂಲು ಬಿಟ್ಟವನಿಗೆ ಹೋಂವರ್ಕ್! ಉಳಿದ ಜಾಗದಲ್ಲಿ ಏನು ಬೇಕಾದರೂ ಬರೆದುಕೋ, ನಾನು ಓದುವುದಿಲ್ಲ ಅಂದಿದ್ದಾರೆ. ಓದಿದರೂ ಇದೇ ಬರೆಯುತ್ತೇನೆ.

ಫೆಬ್ರವರಿ 19, ಬುಧವಾರ

ಎಂಟನೇ ಸಲ. 60, 45, 35.

ಮೂರು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಗಣಿತದ ಪೇಪರ್ ಬಿಟ್ಟು ಎದ್ದು ಓಡಿದೆ. ಕೈ ಮರಗಟ್ಟಿತ್ತು. ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ಸಾಯಲಿಲ್ಲ. ಸ್ಕೂಲಿಗೂ ಮತ್ತೆ ಹೋಗಲಿಲ್ಲ. ಅಲ್ಲಿಂದ ಈಚೆಗೆ ಎಲ್ಲಿ ಹೋದರೂ ಅಮ್ಮ ಪಕ್ಕದಲ್ಲಿ. ಬಸ್ಸಿನಲ್ಲಿ, ಡಾಕ್ಟರ ಹತ್ತಿರ, ಕಟಿಂಗ್ ಶಾಪಿನ ಬೆಂಚಿನ ಮೇಲೆ. ಈಗ ಹತ್ತೊಂಬತ್ತು ನನಗೆ.

ಮಾರ್ಚ್ 21ರಿಂದ ಪರೀಕ್ಷೆ, ಖಾಸಗಿ ಅಭ್ಯರ್ಥಿಯಾಗಿ. ಸೆಂಟರು ಕೆ.ಆರ್. ಪುರ. ಇದೇ ಕೊನೆಯ ಸಲ ಅಂತ ಅಪ್ಪ ಹೇಳಿಬಿಟ್ಟಿದ್ದಾರೆ. ಆಗಲಿಲ್ಲ ಅಂದರೆ ದಾವಣಗೆರೆಯಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿ. ಮೊಳೆ ತೂಗುವುದು.

ಮೇಡಂ ಅಮ್ಮನನ್ನು ಕೂರಿಸಿಕೊಂಡು ಹೇಳಿದ್ದರು: “ನೀವು ಪಕ್ಕದಲ್ಲಿದ್ರೆ ಇವನ ತಲೆ ಏನೂ ಕಲಿಯಲ್ಲ ಕಾಶಮ್ಮ ಅವರೇ. ಜೊತೇಲಿ ಹೋಗ್ಬೇಡಿ.” ಅಮ್ಮ ಆಯಿತು ಅಂದಿದ್ದಳು. ಪಾಪ, ಮಾತು ಉಳಿಸಿಕೊಂಡಿದ್ದಾಳೆ. ನಾನು ಹೊರಟರೆ ಬಾಗಿಲಿಗೂ ಬರುವುದಿಲ್ಲ. ವಾಪಸು ಬಂದಾಗ ಸೊಪ್ಪು ತರಲು ಹೋಗಿರುತ್ತಾಳೆ.

ಫೆಬ್ರವರಿ 22, ಶನಿವಾರ

ಹತ್ತನೇ ಸಲ. 40, 30, 25. ಕಿಟಕಿಯಾಚೆ ಒಂದು ತಾರಸಿಯ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಹತ್ತು ಸಲ ಹೋದರೂ ಕಂಡಿದ್ದು ಇವತ್ತೇ.

ಫೆಬ್ರವರಿ 25, ಮಂಗಳವಾರ. ಸಂಜೆ

ಹೊರಟಾಗ 30. ಎರಡು ಸ್ಟೇಷನ್ ದಾಟುವಷ್ಟರಲ್ಲಿ 15. ಇಷ್ಟು ಕಡಿಮೆ ಯಾವತ್ತೂ ಆಗಿರಲಿಲ್ಲ. ಖುಷಿಗೆ ಸ್ವಾಮಿ ವಿವೇಕಾನಂದ ರೋಡಿನಲ್ಲೇ ಇಳಿದುಬಿಟ್ಟೆ. ಹೆದರಿ ಅಲ್ಲ. ಸುಮ್ಮನೆ, ಒಂದು ಟೀ ಕುಡಿಯೋಣ ಅಂತ.

ಟೀ ಅರ್ಧ ಆಗಿತ್ತು. ಅಮ್ಮನ ಫೋನು.

“ಎಲ್ಲಿದೀಯೋ ಲಿಂಗೇಶ? ಯಾಕೋ ಇಳೀಲಿಲ್ಲ? ಎಲ್ಲಾರೂ ಇಳಿದ್ರು, ನೀನು ಇಳೀಲಿಲ್ಲ.”

ಹಿಂದೆ ಸ್ಟೇಷನ್ನಿನ ಅನೌನ್ಸ್‌ಮೆಂಟು. ಅರ್ಥವಾಯಿತು. ಅವಳ ಉಸಿರು ಕೇಳಿಸುತ್ತಿತ್ತು. ಆ ಉಸಿರು ನನಗೆ ಚೆನ್ನಾಗಿ ಗೊತ್ತು. ನನ್ನದೇ.

ಮುಂದಿನ ರೈಲು ಹಿಡಿದೆ. ಕೆ.ಆರ್. ಪುರದ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಿದ್ದಳು. ಸೆಕ್ಯುರಿಟಿ ಹೆಂಗಸು ನೀರು ಕುಡಿಸುತ್ತಿದ್ದರು. ಕೈ ಮಂಜುಗಡ್ಡೆ, ಸೆರಗೆಲ್ಲ ಬೆವರು. ಕಾಲ ಬಳಿ ಸೊಪ್ಪಿನ ಚೀಲ, ಖಾಲಿ.

ದಿನಾ ಬರ್ತಿದ್ಯಾ ಅಂತ ಕೇಳಿದೆ.

“ನಾನೆಲ್ಲಿ ನಿನ್ ಜೊತೆ ಬಂದೆ? ನಾನು ಮುಂದೆ ಹೆಂಗಸ್ರ ಬೋಗೀಲಿದ್ದೆ. ನೀನು ಕೊನೇ ಬೋಗೀಲಿ.”

ಸುಳ್ಳು ಹೇಳುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಮೇಡಂಗೆ ಕೊಟ್ಟ ಮಾತು ಮುರಿದಿಲ್ಲ.

ಮನೆಗೆ ಬಂದು ಹನ್ನೊಂದು ಪುಟಕ್ಕೂ ಗೀಟು ಹಾಕಿದೆ. ‘ಯಾರೂ ಇರಲಿಲ್ಲ.’ ಇದ್ದರು. ಹನ್ನೊಂದು ಸಲವೂ ಇದ್ದರು.

ಮಾರ್ಚ್ 6, ಗುರುವಾರ

ಎಂಟು ದಿನ ಮನೆಯಲ್ಲೇ ಇದ್ದೆ. ಇವತ್ತು ಕ್ಲಿನಿಕ್ಕಿಗೆ ಹೋಗಿದ್ದು ಆಟೋದಲ್ಲಿ, ಅಮ್ಮನ ಜೊತೆ. ಮೊದಲಿನ ಹಾಗೇ.

ಮೇಡಂ ಗೀಟುಗಳನ್ನು ನೋಡಿದರು. ಅಮ್ಮ ರೈಲಲ್ಲಿದ್ದದ್ದು ನಿನಗೆ ಗೊತ್ತಿತ್ತಾ ಅಂದರು. ಇಲ್ಲ ಅಂದೆ. “ಮತ್ತೆ? ಹೆದರಿಕೆ ಇಳಿಸಿದ್ದು ನೀನೇ ತಾನೇ?” ಸರಿಯಾದ ಮಾತು. ಆದರೆ ನಾನು ಬರೆದ ವಾಕ್ಯ ಸುಳ್ಳು. ಸುಳ್ಳು ಸಾಕ್ಷಿ ಇಟ್ಟುಕೊಂಡು ನನ್ನನ್ನು ನಾನು ಹೇಗೆ ನಂಬಿಸಲಿ? ಅರ್ಧ ಗಂಟೆ ಇದೇ ವಾದ.

ಆಮೇಲೆ ಅಮ್ಮನನ್ನು ಒಳಗೆ ಕರೆದರು. ಇನ್ನು ಮೇಲೆ ಇವನ ಹಿಂದೆಯೂ ಬೇಡ, ಮುಂದೆಯೂ ಬೇಡ. ಇವನು ದಾರಿಯಲ್ಲಿ ಫೋನ್ ಮಾಡಿದರೆ ಎತ್ತಲೂ ಬೇಡಿ ಅಂದರು. ನೀವೂ ನಾಲ್ಕು ಸಲ ನನ್ನ ಹತ್ತಿರ ಬಂದು ಮಾತಾಡಿದರೆ ಒಳ್ಳೆಯದು ಅಂತಲೂ ಹೇಳಿದರು.

“ನಂಗ್ಯಾಕೆ ಮೇಡಂ? ನಾನೇನು ಪರೀಕ್ಷೆ ಬಿಟ್ಟು ಓಡ್ಬಂದಿದೀನಾ?”

ಮೇಡಂ ನನ್ನ ಮುಖ ನೋಡಲಿಲ್ಲ. ಅಮ್ಮನೂ ನೋಡಲಿಲ್ಲ.

ಮಾರ್ಚ್ 15, ಶನಿವಾರ

ಮತ್ತೆ ಶುರು. 85, 85, 80. ರೈಲಿನೊಳಗೆ ಕೊನೆಯ ಬೋಗಿಯಿಂದ ಮುಂದಕ್ಕೆ ನಡೆದೆ, ಹೆಂಗಸರ ಬೋಗಿಯ ತನಕ. ಅಮ್ಮನ ಹಸಿರು ಸೀರೆ ಹುಡುಕಿದೆ. ಇರಲಿಲ್ಲ. ಇಲ್ಲ ಅಂತ ಗೊತ್ತಾದ ಕೂಡಲೇ ಎದೆ ಹೊಡೆದುಕೊಳ್ಳಲು ಶುರು. ಹುಡುಕಿದ್ದು ಹಿಡಿಯುವುದಕ್ಕೋ, ಇದ್ದರೆ ಸಾಕು ಅಂತಲೋ… ನಿಜ ಬರೆಯಬೇಕು. ಇದ್ದರೆ ಸಾಕು ಅಂತ.

ಮಾರ್ಚ್ 20, ಗುರುವಾರ

ಅಪ್ಪ ದಾವಣಗೆರೆಗೆ ಹೋದರು. ಆಫೀಸ್ ಕೆಲಸ ಅಂದರು. ಮಾವನ ಹತ್ತಿರ ಅಂಗಡಿಯ ಮಾತು ಆಡಲು ಅಂತ ಅಮ್ಮನ ಬಾಯಿಂದ ಬಂತು. ಪರೀಕ್ಷೆಗೆ ಒಂದು ದಿನ ಮುಂಚೆ!

ನಾಳೆ ಬರುವುದಿಲ್ಲ ಅಂತ ಅಮ್ಮ ದೇವರ ಮುಂದೆ ಆಣೆ ಮಾಡಿದಳು. ನಂಬುವುದಿಲ್ಲ ಅಂದೆ. ಅಷ್ಟು ಒರಟಾಗಿ ಹೇಳಬಾರದಿತ್ತು. ಆದರೆ ನಿಜ.

ಮಾರ್ಚ್ 21, ಶುಕ್ರವಾರ. ಬೆಳಗ್ಗೆ 9.25. ಸೆಂಟರಿನ ಕಾಂಪೌಂಡು

ಮನೆಯಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅಮ್ಮ ಬೀಗ, ಕೀಲಿ ತಂದು ಕೈಗೆ ಕೊಟ್ಟಳು.

“ಹೊರಗಿಂದ ಬೀಗ ಹಾಕ್ಕೊಂಡು ಹೋಗು. ಆಗಲಾದ್ರೂ ನಂಬ್ತೀಯಾ.”

ಬೇಡ ಅನ್ನಬೇಕಿತ್ತು. ಹಾಕಿದೆ. ಎರಡು ಸಲ ಎಳೆದೂ ನೋಡಿದೆ. ಇನ್ನೊಂದು ಕೀಲಿ ಅಪ್ಪನ ಹತ್ತಿರ, ದಾವಣಗೆರೆಯಲ್ಲಿ.

ರೈಲಿನಲ್ಲಿ ನನ್ನ ಎದೆಯ ಯೋಚನೆ ಒಂದು ಸಲವೂ ಬರಲಿಲ್ಲ. ಕೆ.ಆರ್. ಪುರದ ಬೆಂಚಿನ ಮೇಲೆ ಕೂತಿದ್ದಳಲ್ಲ, ಆ ಉಸಿರೇ ಕಿವಿಯಲ್ಲಿ. ಹಾಗೆ ಮತ್ತೆ ಆದರೆ ಮನೆಯೊಳಗೆ ಅವಳಿಗೆ ನೀರು ಕುಡಿಸುವವರು ಯಾರು? ಹೆದರಿಕೆ 90. ಬಂದ ಯೋಚನೆ: ಹಿಡಿದುಕೊಳ್ಳಲು ಯಾರೂ ಇರುವುದಿಲ್ಲ. ವಿರುದ್ಧ ಸಾಕ್ಷಿ: ಇಲ್ಲ. ನಿಜವಾಗಿ ಯಾರೂ ಇಲ್ಲ. ಬೀಗ ಹಾಕಿದವನು ನಾನು.

ಫೋನ್ ಮಾಡಿದೆ. ಮಾಡಬಾರದಿತ್ತು, ಮಾಡಿದೆ. ಪೂರ್ತಿ ರಿಂಗ್ ಆಗಿ ಕಟ್ಟಾಯಿತು. ಮತ್ತೆ ಮಾಡಿದೆ. ಎತ್ತಲಿಲ್ಲ.

ಎಲ್ಲರೂ ಒಳಗೆ ಹೋಗುತ್ತಿದ್ದಾರೆ. ಫೋನು, ಬ್ಯಾಗು, ಈ ಪುಸ್ತಕ ಹೊರಗೇ ಇಡಬೇಕಂತೆ. ಒಂದೂಕಾಲರವರೆಗೆ. ಗೇಟಿನವನು ನನ್ನನ್ನೇ ನೋಡುತ್ತಿದ್ದಾನೆ.

ಎತ್ತಬೇಡಿ ಅಂತ ಮೇಡಂ ಹೇಳಿದ್ದರಲ್ಲ. ಮೊದಲ ಸಲ ಅವರ ಮಾತು ಕೇಳುತ್ತಿದ್ದಾಳೆ. ಅಷ್ಟೇ. ಅಷ್ಟೇ ಇರಬೇಕು, ಇಲ್ಲವೇ—