ಗಂಟಲೊಳಗಿನ ಜೋಡಿಕಾಳು

ಕೊಪ್ಪಳ
ಮಾಘ ಶುದ್ಧ ಬಿದಿಗೆ, ಭಾನುವಾರ
೧೮-೧-೧೯೪೨

ಪ್ರೀತಿಯ ಸೊಸೆ ಶಂಕ್ರಮ್ಮನಿಗೆ ಅತ್ತೆ ಕಳಕಮ್ಮ ದೂರದಿಂದಲೇ ತಲೆ ಸವರಿ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ರೊಟ್ಟಿ ಸೇರುತ್ತದೆಯೇ? ಬೆಳಗಿನ ಜಾವ ಬೆವರುವುದು ನಿಂತಿತೋ ಇಲ್ಲವೋ? ಅಳವಂಡಿಯಲ್ಲಿ ನಿಮ್ಮ ಅಪ್ಪ, ಅವ್ವ ಕ್ಷೇಮವೇ? ಇಷ್ಟು ದಿನ ನಿನಗೆ ಕಾಗದ ಬರೆಯುತ್ತಿದ್ದವನು ಅಮರಪ್ಪ. ಕೊನೆಯಲ್ಲಿ ‘ಅವ್ವ ನಿನ್ನ ಆರೋಗ್ಯ ಕೇಳಿದ್ದಾಳೆ’ ಎಂದು ಒಂದು ಸಾಲು ಸೇರಿಸುತ್ತಿದ್ದ. ನಾನು ಕೇಳಿರಲಿಲ್ಲ, ಶಂಕ್ರಮ್ಮ. ಆ ಸಾಲು ನನ್ನ ಮಗ ತಾನೇ ಕಟ್ಟಿದ್ದು. ಇವತ್ತು ನಿಜವಾಗಿ ಕೇಳುತ್ತಿದ್ದೇನೆ. ನನ್ನ ಅಪ್ಪ ಕಲಿಸಿದ ಅಕ್ಷರ ಪುರಾಣ ಓದುವುದಕ್ಕಷ್ಟೇ ಬಳಕೆಯಾಗಿತ್ತು. ಸಾಲು ಸೊಟ್ಟಗಾಗಿದ್ದರೆ ನಗಬೇಡ.

ಅನ್ನಮ್ಮ ಈಗ ಚೆನ್ನಾಗಿದ್ದಾಳೆ. ಇದನ್ನು ಮೊದಲು ಓದಿಕೊಂಡು ಆಮೇಲೆ ಮುಂದಕ್ಕೆ ಹೋಗು. ನಿನ್ನ ಮಗಳು ನನ್ನ ಎದುರಿಗೇ ಕುಳಿತು ಹಸಿ ಕಡಲೆ ಸುಲಿಯುತ್ತಿದ್ದಾಳೆ. ಕಾಳು ತನ್ನ ಬಾಯಿಗೆ, ಸಿಪ್ಪೆ ನನ್ನ ಮಡಿಲಿಗೆ. ಆದರೆ ಎಳ್ಳಮವಾಸ್ಯೆಯ ಮರುದಿನ ಅವಳಿಗೆ ಮೈ ಕೆಂಡದಂತೆ ಜ್ವರ ಬಂದಿತ್ತು. ಅಮರಪ್ಪ ಹತ್ತಿ ಖರೀದಿಗೆ ಯಲಬುರ್ಗಾ ಕಡೆ ಹೋಗಿದ್ದ. ನಾನು ಬಜೆ ತೇಯ್ದು ನೆಕ್ಕಿಸಿದೆ, ಎದೆಗೆ ಬೆಚ್ಚಗಿನ ಎಣ್ಣೆ ತಿಕ್ಕಿದೆ. ಎರಡನೆಯ ದಿನ ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆಯತೊಡಗಿದಳು. ಎಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು, ತುಟಿ ನೀಲಿಯಾಗುತ್ತಿತ್ತು. ಕೌದಿಯಲ್ಲಿ ಸುತ್ತಿಕೊಂಡು ವಿರುಪಣ್ಣ ಡಾಕ್ಟರರ ಹತ್ತಿರ ಓಡಿದೆ. ಇವರು ಹೈದರಾಬಾದಿನಲ್ಲಿ ಓದಿದವರು, ನೀನು ಹೋದ ಮೇಲೆ ಗವಿಮಠದ ದಾರಿಯಲ್ಲಿ ದವಾಖಾನೆ ತೆರೆದಿದ್ದಾರೆ. ಅವರು ಕೂಸಿನ ಬೆನ್ನಿಗೆ ನಳಿಗೆಯಿಟ್ಟು ಕೇಳಿ, “ನ್ಯುಮೋನಿಯಾ ಆಗೇತ್ರೀ ಅವ್ವಾ. ಬಲಗಡಿ ಪುಪ್ಪಸದಾಗ ಕಫ ತುಂಬೇತಿ” ಅಂದರು. ಒಂದು ಕಡ್ಡಿಗೆ ಹತ್ತಿ ಸುತ್ತಿ ಅವಳ ಗಂಟಲು ಒರೆಸಿಕೊಂಡು ಒಳಗೆ ಹೋದರು. ಬಂದು ಹೊಸ ಬಿಳಿ ಗುಳಿಗೆ ಕೊಟ್ಟರು. ಯುದ್ಧ ನಡೆದಿರುವುದರಿಂದ ಅದು ಸಿಗುವುದೇ ಕಷ್ಟವಂತೆ. ನಾಲ್ಕು ನಾಲ್ಕು ತಾಸಿಗೊಮ್ಮೆ ಹಾಲಿನಲ್ಲಿ ಅರೆದು ಕುಡಿಸಬೇಕು. ಕುಡಿಸಿದ್ದರಲ್ಲಿ ಅರ್ಧ ಕಾರಿದಳು, ಮತ್ತೆ ಕುಡಿಸಿದೆ. ನಾಲ್ಕನೆಯ ದಿನ ಹಣೆ ತಣ್ಣಗಾಯಿತು. ಕಣ್ಣು ತೆರೆದು “ಅವ್ವ ಎಲ್ಲಿ?” ಅಂದಳು. “ಇಲ್ಲೇ ಅದೀನಲ್ಲ” ಅಂದೆ. ನನ್ನನ್ನು ಚೆನ್ನಾಗಿ ನೋಡಿ, “ನೀ ಆಯಿ. ಅವ್ವ ಅಲ್ಲ” ಎಂದು ಮಗ್ಗುಲಿಗೆ ಹೊರಳಿದಳು. ಇಷ್ಟೆಲ್ಲ ಆದರೂ ನಿನಗೆ ತಿಳಿಸಬೇಡ ಎಂದು ಊರಿಂದ ಬಂದ ಅಮರಪ್ಪನಿಗೆ ಹೇಳಿದವಳೂ ನಾನೇ.

ಕೂಸು ಗುಣವಾಗುತ್ತಿದ್ದಂತೆ ನನ್ನ ಹಳೆಯ ಚಟ ಎದ್ದಿತು. ಮನೆಗೆ ಹೊಲಿಗೆ ಮಷೀನು ಬಂದ ದಿನವೇ ಅದರ ಹೊಟ್ಟೆ ಬಿಚ್ಚಿ ನೋಡಿದವಳು ನಾನು, ನಿನಗೆ ಗೊತ್ತಲ್ಲ. ಆ ಗಂಟಲು ಒರೆಸಿದ ಹತ್ತಿಯನ್ನು ಏನು ಮಾಡಿದಿರಿ ಎಂದು ಡಾಕ್ಟರರನ್ನು ಕೇಳಿದೆ. ಅವರು ನನ್ನನ್ನು ಒಳಗೆ ಕರೆದು ಕಣ್ಣಿಗೆ ಕಾಣದ್ದನ್ನು ದೊಡ್ಡದಾಗಿ ತೋರಿಸುವ ಹಿತ್ತಾಳೆಯ ದುರ್ಬೀನಿನ ಮುಂದೆ ಕೂರಿಸಿದರು. ಅಲ್ಲಿ ನರ್ಸ್ ಕೆಲಸ ಮಾಡುವ ತಾಜಬೀ ಎಂಬ ಹೆಣ್ಣುಮಗಳು ನನ್ನ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿದಳು. ಮೊದಲು ನನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ, ಶಂಕ್ರಮ್ಮ, ನೇರಳೆ ಬಣ್ಣದ ಸಣ್ಣ ಕಾಳು! ಎರಡೆರಡು ಅಂಟಿಕೊಂಡು ಎಲ್ಲೆಲ್ಲೂ ಚೆಲ್ಲಿದ್ದವು. ಬಣ್ಣ ಹಾಕಿದ್ದು ಡಾಕ್ಟರರೇ, ಆದರೆ ಕಾಳು ಅನ್ನಮ್ಮನ ಗಂಟಲಿನವು. ಇವುಗಳನ್ನು ನನ್ನ ಮೊಮ್ಮಗಳಿಗೆ ಕೊಟ್ಟವರು ಯಾರು ಎಂದು ಕೇಳಿದೆ. ನನ್ನ ಮನಸ್ಸಿನಲ್ಲಿ ನೀನಿದ್ದೆ, ಸುಳ್ಳು ಹೇಳುವುದಿಲ್ಲ. ಅವರು ನಕ್ಕು, “ನೀವೂ ಬಾಯಿ ತೆಗೀರಿ, ನಿಮ್ಮ ಗಂಟಲಾ ನೋಡೂಣು” ಅಂದರು. ಕಡ್ಡಿ ತಾಗಿ ನನಗೆ ಓಕರಿಕೆ ಬಂತು, ತಾಜಬೀ ಬಿದ್ದು ಬಿದ್ದು ನಕ್ಕಳು.

ನನ್ನ ಗಂಟಲಿನದನ್ನು ಸವರಿದ ಗಾಜು ಸಿದ್ಧವಾದ ಮೇಲೆ ಬಗ್ಗಿ ನೋಡುತ್ತೇನೆ, ಏನು ಕೇಳುತ್ತೀ! ಸರದಂಥವು, ಗೊಂಚಲಿನಂಥವು, ಕಡ್ಡಿಯಂಥವು, ಅವುಗಳ ನಡುವೆ ಅಂಥವೇ ಜೋಡಿಕಾಳು. ಅರವತ್ತು ವರ್ಷ ಇಷ್ಟೊಂದು ಜನರನ್ನು ಬಾಯಲ್ಲಿ ಇಟ್ಟುಕೊಂಡು ನಾನೊಬ್ಬಳೇ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ. ಡಾಕ್ಟರರು ತಮ್ಮ ಗಂಟಲಿನ ಗಾಜನ್ನೂ ತೋರಿಸಿದರು, ಅಲ್ಲಿಯೂ ಹಾಗೆಯೇ. “ಹಂಗಾದ್ರ ಕೂಸು ಮಲಗಿತು, ನಾವ್ಯಾಕ ಮಲಗಲಿಲ್ಲ?” ಎಂದೆ. “ಅದು ನಮಗೂ ಪೂರಾ ತಿಳಿದಿಲ್ರೀ ಅವ್ವಾ” ಅಂದರು. ಓದಿದವರು ತಿಳಿದಿಲ್ಲ ಎಂದು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಅವರ ಮೇಲೆ ನಂಬಿಕೆ ಬಂದದ್ದು ಅಲ್ಲಿಯೇ. ಮೂಗು, ಗಂಟಲಲ್ಲಿ ಇವು ಸುಮ್ಮನೆ ಬಾಳುತ್ತವಂತೆ. ಮೈ ಸೋತಾಗ ಒಂದು ಜಾತಿಯದು ಎದೆಗಿಳಿದು, ಉಳಿದವನ್ನು ಮೀರಿ ಹೆಚ್ಚುತ್ತದಂತೆ. ಯಾವಾಗ ಇಳಿಯುತ್ತದೆ, ಯಾರಲ್ಲಿ ಇಳಿಯುತ್ತದೆ ಎಂಬುದು ಮುಂಚೆ ಗೊತ್ತಾಗುವುದಿಲ್ಲವಂತೆ. “ನಾನಽ ಕೊಟ್ಟೆ ಏನು ಕೂಸಿಗೆ?” ಎಂದು ಕೇಳಿದೆ. “ಕೊಟ್ಟಿರಬಹುದು. ಬ್ಯಾರೆಯವರು ಕೊಟ್ಟಿರಬಹುದು. ಮೊದಲಽ ಇದ್ದಿರಬಹುದು. ಯಾರ ಮ್ಯಾಲೂ ಬಟ್ಟು ಮಾಡಾಕ ಬರೂದಿಲ್ಲ” ಅಂದರು.

ಆಗ ನಿನ್ನ ವಿಷಯ ಹೇಳಿದೆ. ಶ್ರಾವಣದಿಂದ ಕೆಮ್ಮು, ಮೈ ಇಳಿದದ್ದು, ಒಮ್ಮೆ ಕಫದಲ್ಲಿ ರಕ್ತದ ಎಳೆ ಬಂದದ್ದು. ಕ್ಷಯವೆಂದು ತವರಿಗೆ ಕಳಿಸಿದೆವು ಎಂದೆ. ಕ್ಷಯದ ಕ್ರಿಮಿ ಬೇರೆಯೇ ಜಾತಿಯದಂತೆ, ಬೇರೆ ಬಣ್ಣ ಹಾಕಿದರೆ ಕೆಂಪು ಕಡ್ಡಿಯಾಗಿ ಕಾಣುತ್ತದಂತೆ. “ಆಕಿ ಕಫ ನೋಡಿದವರು ಯಾರು?” ಎಂದು ಕೇಳಿದರು. ಯಾರೂ ಇಲ್ಲ. “ಮತ್ತ ಕ್ಷಯ ಅಂತ ಅಂದವರು ಯಾರು?” ನಾನು ಸೆರಗು ಸರಿಮಾಡಿಕೊಂಡೆ. ತಾಜಬೀ ನಗುವುದನ್ನು ನಿಲ್ಲಿಸಿ ಗಾಜು ತೊಳೆಯಲು ಹೋದಳು. ಅಂದವಳು ನಾನು. ದೀಪಾವಳಿಯ ಹಿಂದಿನ ದಿನ ಕೂಸನ್ನು ನಿನ್ನ ಕಂಕುಳಿನಿಂದ ಕಿತ್ತುಕೊಂಡು, “ನಿನ್ನ ಉಸುರು ನನ್ನ ಮೊಮ್ಮಗಳಿಗೆ ಬ್ಯಾಡ” ಅಂದವಳು. ನನ್ನ ಉಸಿರಿನಲ್ಲಿ ಏನಿದೆಯೆಂದು ಅಂದು ನನಗೇನು ಗೊತ್ತಿತ್ತು?

ಉಳಿದಂತೆ ಎಲ್ಲ ಕ್ಷೇಮ. ಕರಿ ಎಮ್ಮೆ ಕರು ಹಾಕಿದೆ, ಹೆಣ್ಣುಗರು. ಅಮರಪ್ಪ ಊಟಕ್ಕೆ ಕೂತಾಗ ಮಾತಾಡುವುದಿಲ್ಲ, ಬೇರೆ ವೇಳೆಯಲ್ಲೂ ಅಷ್ಟೇ. ನಿಮ್ಮ ಅಪ್ಪ, ಅವ್ವನಿಗೆ ನನ್ನ ಶರಣು ಹೇಳು. ಅವರು ಒಪ್ಪಿಸಿಕೊಳ್ಳದಿದ್ದರೆ ಬೇಸರವಿಲ್ಲ. ನಿನಗೆ ಹೊಟ್ಟೆ ತುಂಬ ಅನ್ನ, ಎದೆ ತುಂಬ ಗಾಳಿ ಸಿಗಲಿ.

ನಿನ್ನ ಅತ್ತೆ
ಕಳಕಮ್ಮ

ತಾಜಾ ಕಲಂ: ಅಮರಪ್ಪ ಟಪ್ಪಾಲಿಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ಶುಕ್ರವಾರ ಗಾಡಿ ಕಟ್ಟಿಕೊಂಡು ಅಳವಂಡಿಗೆ ಬರುತ್ತೇವೆ. ಅನ್ನಮ್ಮನೂ ಬರುತ್ತಾಳೆ, ನಾನೂ ಬರುತ್ತೇನೆ. ನಿನ್ನ ಕಫವನ್ನು ಮೂರು ಬೆಳಗು ನೋಡಬೇಕೆಂದು ಡಾಕ್ಟರರು ಹೇಳಿದ್ದಾರೆ. ಕೆಂಪು ಕಡ್ಡಿ ಕಾಣದಿದ್ದರೆ ಒಳ್ಳೆಯದೇ ಆಯಿತು. ಕಂಡರೂ ನೀನು ಬಂದು ಇಳಿಯುವುದು ಇಲ್ಲಿ, ನಿನ್ನ ಮನೆಯಲ್ಲೇ. ಬಿಸಿಲು ಬೀಳುವ ಮುಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಕಫದ ಸಂಗತಿ ತಿಳಿಯುವವರೆಗೆ ಕೂಸಿನ ಹತ್ತಿರ ಬಾಯಿಗೆ ಸೆರಗು ಹಿಡಿದು ಮಾತಾಡಿದರೆ ಸಾಕಂತೆ. ನಾನು ಮಾಡಿದ್ದು ತಪ್ಪು. ನಿನಗೆ ಗಾಡಿ ಹತ್ತುವ ಮನಸ್ಸಾಗದಿದ್ದರೆ ನಾನು ಇಳಿದು ನಿಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತೇನೆ. ಎಷ್ಟು ದಿನವಾದರೂ ಸರಿ, ನೀನು ಬಾ ಎನ್ನುವವರೆಗೆ ಏಳುವುದಿಲ್ಲ.